ಸ್ಕಾರ್ಲೆಟ್ ಸೋಲೋ, ರೀಪರ್, ನ್ಯಾಮ್: ವರ್ಷಗಟ್ಟಲೆ ಬಳಸಿದ ಮೇಲೆ

ಅಪಾರ್ಟ್‌ಮೆಂಟ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಷ್ಟ ನಿಮಗೆ ಗೊತ್ತೇ ಇರುತ್ತದೆ. ಟ್ಯೂಬ್ ಆಂಪ್ (ಆಂಪ್ಲಿಫೈಯರ್) ಬಾಯಿ ಬಿಡುವುದೇ ವಾಲ್ಯೂಮ್ ಏರಿಸಿದಾಗ. ಏರಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹಾಗಾಗಿ ನಾನು ಕೆಲವು ವರ್ಷಗಳಿಂದ ಮನೆಯಲ್ಲಿ ಆಂಪ್ ಇಲ್ಲದೆಯೇ ರೆಕಾರ್ಡ್ ಮಾಡುತ್ತಿದ್ದೇನೆ. ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ, ಅಂದರೆ ಇಂಟರ್‌ಫೇಸ್, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಮೂರನೇ ಜನರೇಶನ್. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್. ಆಂಪ್‌ನ ಕೆಲಸಕ್ಕೆ ನ್ಯೂರಲ್ ಆಂಪ್ ಮಾಡೆಲರ್, ಎಲ್ಲರೂ ಕರೆಯುವಂತೆ ನ್ಯಾಮ್. ಮೂರೂ ಸೇರಿ ಕೊಡುವ ದೊಡ್ಡ ಲಾಭ ಒಂದಿದೆ: ಇವತ್ತು ನುಡಿಸಿದ್ದಕ್ಕೆ ಟೋನ್ ಯಾವುದು ಅಂತ ಇವತ್ತೇ ತೀರ್ಮಾನಿಸಬೇಕಿಲ್ಲ.

ಮೊದಲು ಸೋಲೋ. ಮುಂದೆ ಎರಡೇ ಇನ್‌ಪುಟ್: ಒಂದು ಮೈಕ್‌ಗೆ, ಒಂದು ಗಿಟಾರ್‌ಗೆ. ಗಿಟಾರ್ ಹಾಕಿದಾಗ ಇನ್ಸ್ಟ್ (ಇನ್‌ಸ್ಟ್ರುಮೆಂಟ್) ಬಟನ್ ಒತ್ತಿರಲೇಬೇಕು. ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್‌ಗೆ ಹತ್ತು ಲಕ್ಷ ಓಮ್ ಆಸುಪಾಸಿನ ಇನ್‌ಪುಟ್ ಬೇಕು. ಸಾಮಾನ್ಯ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಮೇಲಿನ ಸ್ವರಗಳೆಲ್ಲ ಸತ್ತು ಮಂಕಾಗಿ ಕೇಳಿಸುತ್ತದೆ. ಗೇನ್ ನಾಬ್ ಸುತ್ತ ಹಸಿರು ಉಂಗುರ ಬೆಳಗುತ್ತದೆ, ಸಿಗ್ನಲ್ ಮಿತಿ ಮೀರಿ ಒಡೆದರೆ, ಅಂದರೆ ಕ್ಲಿಪ್ ಆದರೆ, ಕೆಂಪಾಗುತ್ತದೆ. ಈ ಉಂಗುರ ಒಂದನ್ನೇ ನಂಬಬೇಡಿ. ರೀಪರ್‌ನ ಮೀಟರ್ ನೋಡಿಕೊಂಡು, ಅತಿ ಜೋರಾಗಿ ಹೊಡೆದ ಕಾರ್ಡ್ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಇಟ್ಟುಕೊಳ್ಳಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಲೆವೆಲ್ ಕಡಿಮೆ ಆಯಿತಲ್ಲ ಎಂಬ ಚಿಂತೆ ಬೇಡ, ಆಮೇಲೆ ಧಾರಾಳವಾಗಿ ಏರಿಸಬಹುದು. ಕ್ಲಿಪ್ ಆದದ್ದನ್ನು ಮಾತ್ರ ಸರಿಮಾಡಲು ಆಗುವುದಿಲ್ಲ.

ಇನ್ನು ಗುಂಯ್ ಎನ್ನುವ ಸದ್ದು. ನಮ್ಮ ಊರುಗಳಲ್ಲಿ ಇದೇ ದೊಡ್ಡ ತಲೆನೋವು. ಸೋಲೋಗೆ ಬೇರೆ ಅಡಾಪ್ಟರ್ ಇಲ್ಲ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಚಾರ್ಜರ್‌ನ ಗಲೀಜು ಸುಲಭವಾಗಿ ಗಿಟಾರ್ ಸಿಗ್ನಲ್‌ಗೂ ಸೇರಿಕೊಳ್ಳಬಹುದು. ಗೋಡೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗಿ, ಕೈ ಬಿಟ್ಟ ಕೂಡಲೇ ಜಾಸ್ತಿಯಾಗುತ್ತದೆ. ಕರೆಂಟ್ ಹೋಗಿ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾದರಂತೂ ಸಿಂಗಲ್ ಕಾಯಿಲ್ ಪಿಕಪ್ ಕಿರುಚುತ್ತದೆ. ನಾನು ಮಾಡುವುದು ಇಷ್ಟೇ: ಟೇಕ್ ತೆಗೆಯುವಾಗ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಓಡಿಸುತ್ತೇನೆ, ಗಿಟಾರ್ ಹಿಡಿದುಕೊಂಡು ಸ್ಕ್ರೀನ್‌ನಿಂದ ಸ್ವಲ್ಪ ಅಡ್ಡ ತಿರುಗಿ ಕೂರುತ್ತೇನೆ. ಯಾವ ಕೋನದಲ್ಲಿ ಸದ್ದು ಸತ್ತಿತು ಎಂಬುದು ಕಿವಿಗೇ ತಿಳಿಯುತ್ತದೆ. ಇದಕ್ಕೆ ನಾಯ್ಸ್ ಗೇಟ್ ಪರಿಹಾರವಲ್ಲ. ನೀವು ನುಡಿಸದಿದ್ದಾಗ ಗೇಟ್ ಬಾಗಿಲು ಹಾಕುತ್ತದೆ, ನುಡಿಸುವಾಗ ಗುಂಯ್ ಒಳಗೇ ಇರುತ್ತದೆ.

ರೀಪರ್ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಮಾಡಿದ್ದು ಕಾಕೋಸ್ ಕಂಪನಿ, ಅದರ ಹಿಂದಿರುವವರು ವಿನ್ಆಂಪ್ ಮ್ಯೂಸಿಕ್ ಪ್ಲೇಯರ್ ಬರೆದ ಜಸ್ಟಿನ್ ಫ್ರಾಂಕಲ್. 60 ದಿನ ಪೂರ್ತಿ ಬಳಸಿ ನೋಡಬಹುದು, ಯಾವ ಸೌಲಭ್ಯವನ್ನೂ ಬಚ್ಚಿಟ್ಟಿಲ್ಲ. ಮನೆಬಳಕೆಯ ಲೈಸೆನ್ಸ್ 60 ಡಾಲರ್. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರಾಗಿ ಓಡುತ್ತದೆ. ಆದರೆ ನಾನು ಇದಕ್ಕೆ ಅಂಟಿಕೊಂಡಿರುವ ಕಾರಣ ಬೇರೆ. ಟ್ರ್ಯಾಕ್‌ನ ಎಫೆಕ್ಟ್ಸ್ ಪಟ್ಟಿಯಲ್ಲಿ ನ್ಯಾಮ್ ಹಾಕಿ ರೆಕಾರ್ಡ್ ಒತ್ತಿದರೆ, ನಿಮಗೆ ಕೇಳಿಸುವುದು ಆಂಪ್‌ನ ಭರ್ಜರಿ ಡಿಸ್ಟಾರ್ಷನ್. ಡಿಸ್ಕ್‌ಗೆ ಹೋಗುವುದು ಮಾತ್ರ ಗಿಟಾರಿನ ಬರಿಯ ಸಿಗ್ನಲ್, ನಾವು ಡ್ರೈ ಟ್ರ್ಯಾಕ್ ಎನ್ನುವುದು. ಅದೊಂದನ್ನೇ ಕೇಳಿದರೆ ತಂತಿ ತಟ್ಟಿದ ಸದ್ದಿನಷ್ಟೇ ಸಪ್ಪೆ.

ಆ ಸಪ್ಪೆ ಫೈಲ್‌ಗಳೇ ಈಗ ನನ್ನ ಆಸ್ತಿ. ಶುರುವಿನಲ್ಲಿ ಯಾವುದೋ ಉಚಿತ ಆಂಪ್ ಪ್ಲಗಿನ್ (ರೀಪರ್ ಒಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಹಾಕಿಕೊಂಡು ನುಡಿಸಿದ ಒಂದು ರಿಫ್, ಅಂದರೆ ಮರಳಿ ಮರಳಿ ಬರುವ ಪುಟ್ಟ ಗಿಟಾರ್ ತುಣುಕು, ಇತ್ತು. ಆಗ ಅದು ಜೇನುಹುಳದ ಹಿಂಡಿನಂತೆ ಗುಯ್‌ಗುಟ್ಟುತ್ತಿತ್ತು. ಈಚೆಗೆ ಅದೇ ಪ್ರಾಜೆಕ್ಟ್ ತೆರೆದು, ಹಳೆಯ ಪ್ಲಗಿನ್ ತೆಗೆದು ನ್ಯಾಮ್ ಕೂರಿಸಿದೆ. ಬೆರಳು ಅದೇ, ಟೇಕ್ ಅದೇ. ಪಾಮ್ ಮ್ಯೂಟ್‌ನಲ್ಲಿ ಅಂಗೈ ಒತ್ತಿದ ತೂಕ ಮೊದಲ ಸಲ ಕಿವಿಗೆ ಬಿತ್ತು. ಆ ದಿನ ಆದ ಖುಷಿಯನ್ನು ಹೇಗೆ ಹೇಳಲಿ! ಆ ಹಳೆಯ ಪ್ಲಗಿನ್‌ನ ಸದ್ದನ್ನೂ ಸೇರಿಸಿಯೇ ರೆಕಾರ್ಡ್ ಮಾಡಿದ್ದರೆ ಆ ರಿಫ್ ಅಲ್ಲಿಗೇ ಮುಗಿಯುತ್ತಿತ್ತು.

ನ್ಯಾಮ್ ಅನ್ನು ಸ್ಟೀವನ್ ಆಟ್ಕಿನ್ಸನ್ ಎಂಬವರು ಓಪನ್ ಸೋರ್ಸ್ ಆಗಿ ಕೊಟ್ಟಿದ್ದಾರೆ, ಪೂರ್ತಿ ಉಚಿತ. ನಿಜವಾದ ಆಂಪ್‌ಗೆ ಒಂದು ಪರೀಕ್ಷಾ ಸಿಗ್ನಲ್ ಕಳಿಸಿ, ಹೊರಬಂದದ್ದನ್ನು ರೆಕಾರ್ಡ್ ಮಾಡಿ, ಆ ವ್ಯತ್ಯಾಸವನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುತ್ತಾರೆ. ಹಾಗೆ ಸಿಕ್ಕಿದ್ದೇ ಕ್ಯಾಪ್ಚರ್. ಜಗತ್ತಿನಾದ್ಯಂತ ಗಿಟಾರಿಸ್ಟ್‌ಗಳು ತಮ್ಮ ಆಂಪ್‌ಗಳ ಕ್ಯಾಪ್ಚರ್‌ಗಳನ್ನು ಟೋನ್3000 ತಾಣದಲ್ಲಿ ಹಂಚಿಕೊಳ್ಳುತ್ತಾರೆ. ಒಂದು ಮಿತಿ ಗೊತ್ತಿರಲಿ. ಹೆಚ್ಚಿನ ಕ್ಯಾಪ್ಚರ್‌ಗಳು ಆಂಪ್‌ನ ನಾಬ್‌ಗಳು ಒಂದು ಸ್ಥಾನದಲ್ಲಿದ್ದಾಗ ಹಿಡಿದದ್ದು. ಗೇನ್ ಇನ್ನೂ ಸ್ವಲ್ಪ ಬೇಕೆಂದರೆ ಇನ್ನೊಂದು ಫೈಲ್ ಹುಡುಕಬೇಕು. ನಾಬ್ ತಿರುಗಿಸುತ್ತಲೇ ಟೋನ್ ಹುಡುಕುವ ಅಭ್ಯಾಸ ಇದ್ದವರಿಗೆ ಇದು ಕಿರಿಕಿರಿ.

ಬರಿಯ ಆಂಪ್‌ನ ಕ್ಯಾಪ್ಚರ್ ಆದರೆ ಸ್ಪೀಕರ್ ಕ್ಯಾಬಿನೆಟ್‌ನ ಐಆರ್ ಫೈಲ್ (ಇಂಪಲ್ಸ್ ರೆಸ್ಪಾನ್ಸ್, ಕ್ಯಾಬಿನೆಟ್‌ನ ಸದ್ದಿನ ಅಚ್ಚು) ಕೂಡ ಹಾಕಬೇಕು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿನದ್ದನ್ನು ಬಹಳ ಮಟ್ಟಿಗೆ ಕಡಿದುಹಾಕುತ್ತದೆ. ಐಆರ್ ಇಲ್ಲದಿದ್ದರೆ ಆ ಕಡಿತ ಆಗದೆ ಕಿವಿ ಕುಯ್ಯುವ ಸದ್ದು ಬರುತ್ತದೆ. ಕ್ಯಾಪ್ಚರ್‌ನಲ್ಲೇ ಕ್ಯಾಬಿನೆಟ್ ಸೇರಿದ್ದರೆ ಐಆರ್ ಆಫ್ ಮಾಡಿ, ಎರಡೂ ಇದ್ದರೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಒಂದೇ ಆಂಪ್‌ಗೆ ಐಆರ್ ಬದಲಿಸಿ ಕೇಳಿ. ಆಂಪ್ ಬದಲಿಸಿದಾಗ ಸಿಗುವುದಕ್ಕಿಂತ ಜಾಸ್ತಿ ವ್ಯತ್ಯಾಸ ಬಹಳ ಸಲ ಇದರಲ್ಲೇ ಸಿಗುತ್ತದೆ.

ಲೇಟೆನ್ಸಿ, ಅಂದರೆ ತಂತಿ ಮೀಟಿದ ಮೇಲೆ ಸದ್ದು ಕೇಳಿಸಲು ಆಗುವ ತಡ, ಅದರ ಬಗ್ಗೆ ಅನಗತ್ಯ ಭಯ ಬೇಡ. ವಿಂಡೋಸ್‌ನಲ್ಲಿ ಫೋಕಸ್‌ರೈಟ್‌ನದೇ ಎಎಸ್ಐಒ ಡ್ರೈವರ್ ಆರಿಸಿ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಸದ್ದಿನ ತುಂಡು) ಎಂದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವ ಒಟ್ಟು ಸಮಯ ಇದಕ್ಕಿಂತ ಜಾಸ್ತಿ, ನಿಜ. ಆದರೆ ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ವೇದಿಕೆಯಲ್ಲಿ ಆಂಪ್‌ನಿಂದ ಮೂರು ಮೀಟರ್ ದೂರ ನಿಂತು ನುಡಿಸುವವರು ಯಾರೂ ದೂರುವುದಿಲ್ಲ, ಅಲ್ವಾ? ಮಿಕ್ಸಿಂಗ್‌ಗೆ ಕುಳಿತಾಗ ಬಫರ್ 512ಕ್ಕೆ ಏರಿಸಿ. ಪ್ಲಗಿನ್ ಮೂಲಕ ಕೇಳುವಾಗ ಸೋಲೋದ ಡೈರೆಕ್ಟ್ ಮಾನಿಟರ್ ಬಟನ್ ಆಫ್ ಇರಲಿ, ಇಲ್ಲವಾದರೆ ಸಪ್ಪೆ ಗಿಟಾರ್ ಮತ್ತು ಆಂಪ್ ಎರಡೂ ಒಟ್ಟಿಗೆ ಕೇಳಿಸುತ್ತವೆ.

ಕೊರತೆಗಳೂ ಇವೆ. ಸೋಲೋದಲ್ಲಿ ಇಬ್ಬರು ಗಿಟಾರ್ ಹಾಕಿ ನುಡಿಸಲು ಆಗುವುದಿಲ್ಲ, ಗೆಳೆಯರ ಜೊತೆ ರೆಕಾರ್ಡ್ ಮಾಡುವವರು ಎರಡು ಗಿಟಾರ್ ಹಾಕಬಹುದಾದ ಸ್ಕಾರ್ಲೆಟ್ 2ಐ2 ತೆಗೆದುಕೊಳ್ಳಿ. ರೀಪರ್ ಜೊತೆ ಹೇಳಿಕೊಳ್ಳುವಂಥ ಡ್ರಮ್ಸ್ ಬರುವುದಿಲ್ಲ. ನಾನು ಉಚಿತವಾಗಿ ಸಿಗುವ ಎಂಟಿ ಪವರ್ ಡ್ರಮ್ ಕಿಟ್ 2 ಬಳಸುತ್ತೇನೆ. ನಾಲ್ಕನೇ ಜನರೇಶನ್ ಸ್ಕಾರ್ಲೆಟ್ 2023ರಲ್ಲೇ ಬಂದಿದೆ. ಆದರೂ ಗಿಟಾರ್ ಒಂದೇ ರೆಕಾರ್ಡ್ ಮಾಡುವವರಿಗೆ ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಮೂರನೇ ಜನರೇಶನ್ ಧಾರಾಳ ಸಾಕು. ಕೊಳ್ಳುವ ಮೊದಲು ಗಿಟಾರ್ ಜ್ಯಾಕ್ ಅಲ್ಲಾಡಿಸಿ ಸಿಗ್ನಲ್ ಕಡಿಯುತ್ತದೆಯಾ ನೋಡಿ, ಗೇನ್ ನಾಬ್ ನಿಧಾನವಾಗಿ ತಿರುಗಿಸಿ ಕರಕರ ಸದ್ದು ಬರುತ್ತದೆಯಾ ಕೇಳಿ. ಉಳಿದ ದುಡ್ಡಿನಲ್ಲಿ ಹೊಸ ತಂತಿ ಮತ್ತು ಒಂದು ಗಟ್ಟಿ ಕೇಬಲ್ ತೆಗೆದುಕೊಳ್ಳಿ.