ಮಾಗಿ ಚಳಿಯಲ್ಲಿ ನಾಯಿ ಜೊತೆ ಬೆಟ್ಟ: ಲೀಶು, ಬೂಟು, ಸ್ವೆಟರು ಯಾವುದು ಆಗುತ್ತೆ, ಯಾವುದು ಆಗಲ್ಲ

ಅಂಗಡಿಯಲ್ಲಿ ನಾಯಿಗೆಂದು ಸಿಗುವ ಚಳಿಗಾಲದ ಸಾಮಾನು ಬಹುಪಾಲು ಹಿಮ ಬೀಳುವ ಊರುಗಳಿಗೆ ಹೊಲಿದದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬೆಟ್ಟಗಳ ಲೆಕ್ಕವೇ ಬೇರೆ. ಜನವರಿಯಲ್ಲಿ ಬೆಳಗ್ಗೆ 12–13 ಡಿಗ್ರಿ ಚಳಿ, ಇಬ್ಬನಿ, ಗಾಳಿ. ಹನ್ನೊಂದಕ್ಕೆಲ್ಲ ಹಾಸುಬಂಡೆ ಕಾಯತೊಡಗಿರುತ್ತದೆ. ಚಳಿಗಿಂತ ಹೆಚ್ಚು ನಾಯಿಗಳು ಸುಸ್ತಾಗುವುದು ಇಳಿಯುವಾಗಿನ ಬಿಸಿಲಿಗೆ. ಆ ಲೆಕ್ಕದಲ್ಲೇ ಈ ಹೋಲಿಕೆ. ನೋಡಿದ್ದು ಮೂರು ನಾಯಿಗಳ ಮೇಲೆ: 20 ಕೆ.ಜಿ.ಯ ಮುಧೋಳ, 18 ಕೆ.ಜಿ.ಯ ನಾಡನಾಯಿ, 32 ಕೆ.ಜಿ.ಯ ಲ್ಯಾಬ್ರಡಾರ್.

ಲೀಶ್ ವಿಚಾರ ಮೊದಲು, ಅನಾಹುತ ಆಗುವುದು ಅಲ್ಲೇ. ನಮ್ಮ ಕಡೆ ರೂಢಿಯಲ್ಲಿರುವುದು ಕಬ್ಬಿಣದ ಚೈನು. ನಾಯಿ ಕಡಿದು ಹಾಕಲಾರದು ಅನ್ನುವುದೊಂದೇ ಅದರ ಹೆಚ್ಚುಗಾರಿಕೆ. ಬಂಡೆಯಿಂದ ಜಿಗಿದರೆ ಎಳೆತವೆಲ್ಲ ಅದರ ಕುತ್ತಿಗೆಗೆ, ನಮ್ಮ ಬೆರಳಿಗೆ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಐದು ಮೀಟರ್ ಲೀಶ್ ಪಾರ್ಕಿಗೆ ಸರಿ. ಕೋಲಾರದ ಅಂತರಗಂಗೆ ಬೆಟ್ಟದ ಗುಂಡುಬಂಡೆಗಳ ನಡುವೆ ಅದರ ತೆಳು ದಾರ ಲಂಟಾನ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಕೋತಿ ಕಂಡು ನಾಯಿ ನುಗ್ಗಿದರೆ ಅಂಗೈ ಕೊಯ್ಯುತ್ತದೆ. ಸೊಂಟಕ್ಕೆ ಕಟ್ಟುವ ಎಲಾಸ್ಟಿಕ್ ಲೀಶ್ ಮಣ್ಣಿನ ದಾರಿಯಲ್ಲಿ ನಾವು ನೋಡಿದ ನಾಲ್ಕು ಬಗೆಯ ಲೀಶ್‌ಗಳಲ್ಲೇ ಸುಖ, ಕೈ ಖಾಲಿ ಇರುತ್ತದೆ. ಇಳಿಜಾರು ಬಂತೆಂದರೆ ಬಿಚ್ಚಲೇಬೇಕು, 32 ಕೆ.ಜಿ. ಸೊಂಟ ಹಿಡಿದೆಳೆದರೆ ಮನುಷ್ಯ ನಿಲ್ಲುವುದಿಲ್ಲ.

ಕೊನೆಗೆ ಉಳಿದದ್ದು ಸಾದಾ ಆರಡಿ ನೈಲಾನ್ ಪಟ್ಟಿ. ಮುಕ್ಕಾಲು ಇಂಚು ಅಗಲ ಸಾಕು, ಲ್ಯಾಬ್ರಡಾರಿಗೆ ಒಂದು ಇಂಚು. ಕೊಕ್ಕೆ ಹಾಕುವುದು ಕುತ್ತಿಗೆ ಬೆಲ್ಟಿಗಲ್ಲ, ಬೆನ್ನ ಮೇಲೆ ಹಿಡಿ ಇರುವ ಹಾರ್ನೆಸ್‌ಗೆ (ಎದೆ, ಬೆನ್ನು ಸುತ್ತುವ ಪಟ್ಟಿಗಳ ಜೋಡಣೆ). ಬಂಡೆಯಿಂದ ಬಂಡೆಗೆ ದಾಟಿಸುವಾಗ ಆ ಹಿಡಿಯೇ ಆಧಾರ. ಎದೆಗೆ ಅಡ್ಡಲಾಗಿ ಪಟ್ಟಿ ಬರುವ ಹಾರ್ನೆಸ್ ಅಗ್ಗ, ಆದರೆ ಹತ್ತುವಾಗ ಮುಂಗಾಲು ಚಾಚಲು ಬಿಡುವುದಿಲ್ಲ. ಪಟ್ಟಿ ಎದೆಯ ನಡುವೆ ಇಳಿದು ಕಾಲುಗಳ ಮಧ್ಯೆ ಹಾಯುವಂಥದ್ದೇ ಬೇಕು. ಪಟ್ಟಿಗೂ ಮೈಗೂ ಎರಡು ಬೆರಳು ಸಂದು ಬಿಡಿ. ಇಬ್ಬನಿಗೆ ನೆಂದ ಪಟ್ಟಿ ಕಂಕುಳನ್ನು ಉಜ್ಜಿ ಗಾಯ ಮಾಡುತ್ತದೆ, ಅರ್ಧ ದಾರಿಯಲ್ಲಿ ಒಮ್ಮೆ ಕೈಹಾಕಿ ನೋಡಿ. ಮುಧೋಳದ ಮಾತು ಬೇರೆ: ತಲೆ ಸಣ್ಣ, ಎದೆ ಆಳ, ಸೊಂಟ ಸಪೂರ. ಹಿಂದಕ್ಕೆ ಜಗ್ಗಿದರೆ ಬೆಲ್ಟೂ ಕಳಚುತ್ತದೆ, ಎರಡು ಪಟ್ಟಿಯ ಹಾರ್ನೆಸ್ಸೂ ಕಳಚುತ್ತದೆ. ಪಕ್ಕೆಲುಬಿನ ಹಿಂದೆ ಸೊಂಟ ಸುತ್ತುವ ಮೂರನೇ ಪಟ್ಟಿ ಇಲ್ಲದೆ ಅದನ್ನು ಬೆಟ್ಟಕ್ಕೆ ಒಯ್ಯಬೇಡಿ.

ಬೂಟುಗಳಲ್ಲಿ ಬಲೂನಿನಂಥ ರಬ್ಬರಿನದು, ಗಟ್ಟಿ ತಳದ ವೆಲ್ಕ್ರೋದು ಎರಡೂ ಸೋತವು. ನಾಯಿ ಬಂಡೆ ಹತ್ತುವುದು ಉಗುರೂರಿ, ಅಂಗಾಲಿನ ಮೆತ್ತೆ ಒತ್ತಿ. ಬೂಟು ಹಾಕಿದರೆ ಎರಡೂ ಇಲ್ಲ, ಜಾರುತ್ತದೆ. ಕೊಬ್ಬರಿ ಎಣ್ಣೆ ಒಡೆದ ಮೆತ್ತೆಗೆ ಒಳ್ಳೆಯದು, ಆದರೆ ಹಿಂದಿನ ರಾತ್ರಿ ಹಚ್ಚಿ. ಬೆಳಗ್ಗೆ ಹಚ್ಚಿದರೆ ಅದೂ ಜಾರುವುದಕ್ಕೇ ದಾರಿ. ಬರಿಗಾಲೇ ಮೇಲು. ಬ್ಯಾಗಿನಲ್ಲಿ ಒಂದೇ ಒಂದು ಬೂಟು ಇಟ್ಟುಕೊಳ್ಳಿ: ಮೆತ್ತೆ ಕೊಯ್ದುಕೊಂಡರೆ ಗಾಯ ತೊಳೆದು, ಗಾಜ್ ಇಟ್ಟು, ಬ್ಯಾಂಡೇಜ್ ಸುತ್ತಿ, ಅದರ ಮೇಲೆ ಹಾಕಿ ನಿಧಾನ ಇಳಿಸಲು. ನೆಗ್ಗಿಲು ಮುಳ್ಳು, ಪಾಪಾಸುಕಳ್ಳಿಗೆ ಚಿಮಟ ಬೇಕೇ ಬೇಕು.

ಸ್ವೆಟರಿನ ಬಗ್ಗೆ ಜನ ಮಾಡುವ ತಪ್ಪು, ಕಾರಿನಿಂದ ಇಳಿಯುತ್ತಲೇ ತೊಡಿಸುವುದು. ಉಣ್ಣೆ ಬಟ್ಟೆಯದು ಇಬ್ಬನಿ ಹೀರಿ ತೂಕವಾಗುತ್ತದೆ, ಹುಲ್ಲಿನ ಚುಚ್ಚು ಬೀಜಗಳನ್ನೆಲ್ಲ ಅಂಟಿಸಿಕೊಂಡು ಬರುತ್ತದೆ. ಪ್ಲಾಸ್ಟಿಕ್ ರೇನ್‌ಕೋಟು ಇಬ್ಬನಿ ತಡೆದರೂ ಮೈ ಕಾವನ್ನು ಒಳಗೇ ಕೂಡಿಡುತ್ತದೆ. ತೆಳು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆ) ಒಂದೇ ಸರಿಹೋದದ್ದು, ಅದೂ ಹತ್ತುವಾಗ ಅಲ್ಲ. ತುದಿಯಲ್ಲಿ ಗಾಳಿಗೆ ಕೂತಾಗ ಹಾಕಿ, ಹೊರಡುವ ಮುಂಚೆ ತೆಗೆಯಿರಿ. ಮುಧೋಳಕ್ಕೆ ಬೇಕು, ನಾಡನಾಯಿಗೆ ನಡುಕ ಕಂಡರೆ ಮಾತ್ರ, ಲ್ಯಾಬ್ರಡಾರಿಗೆ ಬೇಡವೇ ಬೇಡ.

ನೀರಿಗೆ ಮಡಚುವ ಸಿಲಿಕೋನ್ ಬಟ್ಟಲು ಸಾಕು. ತೊಟ್ಟಿ ಜೋಡಿಸಿದ ಬಾಟಲಿಯಲ್ಲಿ ಅರ್ಧ ನೆಲದ ಪಾಲು. ಮೂರು ಗಂಟೆಗೆ 20 ಕೆ.ಜಿ. ನಾಯಿಗೆ ಒಂದು ಲೀಟರ್ ಒಯ್ಯಿರಿ. ಅರ್ಧ ಗಂಟೆಗೊಮ್ಮೆ 150 ಮಿ.ಲೀ. ಕೊಡಿ, ಒಮ್ಮೆಲೇ ಬೇಡ. ದೊಣೆಯ (ಬಂಡೆಯ ಮೇಲಿನ ಹೊಂಡದ) ನಿಂತ ನೀರಿನಿಂದ ಇಲಿಜ್ವರ ಬರಬಹುದು, ಬಾಯಿ ಹಾಕಲು ಬಿಡಬೇಡಿ.

ಹೊರಡುವ ಹೊತ್ತಿನಲ್ಲೂ ಎರಡು ಪಕ್ಷ. ಸೂರ್ಯೋದಯ ನೋಡುವ ಆಸೆಗೆ ನಾಲ್ಕೂವರೆಗೆ ಹತ್ತುವವರಿದ್ದಾರೆ. ನಾಯಿ ಇದ್ದರೆ ಅದು ಬೇಡ: ದೇವರಾಯನದುರ್ಗದ ಕಡೆ ಚಿರತೆ ಇದೆ, ಚಿರತೆಗೆ ನಾಯಿ ಇಷ್ಟದ ಬೇಟೆ. ಬೆಳಕು ಹರಿದ ಮೇಲೆ, ಅಂದರೆ ಆರೂ ಮುಕ್ಕಾಲಿಗೆ ಹೊರಟು ಹತ್ತರೊಳಗೆ ಬುಡಕ್ಕೆ ಬಂದುಬಿಡಿ. ನಾಯಿ ಇಬ್ಬರ ನಡುವೆ ನಡೆಯಲಿ. ಎಳೆಬಿಸಿಲಿಗೆ ಬಂಡೆ ಮೇಲೆ ಕೊಳಕುಮಂಡಲ ಮೈಕಾಯಿಸುವ ಕಾಲವೂ ಇದೇ, ಪೊದೆಗೆ ಮೂತಿ ಹಾಕಲು ಬಿಡಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಏನೂ ಬೇಡ. ನಡೆಸದೆ ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಿ, ವಿಷನಿರೋಧಕ ಇರುವ ಪಶು ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನ್ ಮಾಡಿ ತಿಳಿದಿರಿ.

ಬೆಟ್ಟದ ಆಯ್ಕೆಯಲ್ಲಿ ಮಧುಗಿರಿ ಏಕಶಿಲೆ ನಾಯಿಗಲ್ಲ, ಇಳಿಜಾರು ವಿಪರೀತ. ಅದೇ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗ ಮೀಸಲಿನತ್ತ ನಾಯಿಯನ್ನು ತಿರುಗಿಸಲೂಬೇಡಿ. ಅರಣ್ಯ ಇಲಾಖೆಯ ಟಿಕೆಟ್ ಇರುವ ಕಡೆ ನಾಯಿ ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಕೆಳಗಿಳಿದ ಮೇಲೆ ಕಾರು ಹತ್ತಿಸುವ ಮುಂಚೆ ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ ನೋಡಿ. ಉಣ್ಣಿ ಹುಳ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಹಿಚುಕಬೇಡಿ. ಒಂದೇ ಸಮನೆ ತಲೆ ಕೊಡವುತ್ತಿದ್ದರೆ ಕಿವಿಯೊಳಗೆ ಹುಲ್ಲಿನ ಬೀಜ ಹೊಕ್ಕಿರಬಹುದು. ಅದನ್ನು ನೀವು ಕೆದಕದೆ ಡಾಕ್ಟರಿಗೆ ತೋರಿಸಿ.