ಮುಟ್ಟಿದರೆ ಜುಮ್ಮೆನ್ನುವ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ: ನಮ್ಮ ಅತ್ತಿಗೆಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ

ಛತ್ರ, ಹೋಟೆಲ್, ಆಸ್ಪತ್ರೆ, ಆಫೀಸುಗಳಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುವವರು, ಅವರ ಮನೆಯವರು, ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೀರು ಎಳೆಯುವ ದೊಡ್ಡ ವ್ಯಾಕ್ಯೂಮ್ ಕ್ಲೀನರ್‌ನ ಸ್ಟೀಲ್ ಡ್ರಮ್ ಮುಟ್ಟಿದಾಗ ಕೈ ಜುಮ್ಮೆಂದರೆ, ಅದನ್ನು ಇನ್ನೊಂದು ನಿಮಿಷವೂ ಓಡಿಸಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕಕ್ಕಿಡಿ. ‘ಇವತ್ತೊಂದಿನ ಮುಗಿಸಿಬಿಡೋಣ’ ಅನ್ನಬೇಡಿ. ನಮ್ಮ ಅತ್ತಿಗೆ ಕೆಲಸ ಮಾಡುವ ಕಲ್ಯಾಣ ಮಂಟಪದಲ್ಲಿ ಆ ಮಾತನ್ನು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದರು.

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಫ್ಯಾಕ್ಟರಿಯೊಂದರ ಮೇಂಟೆನೆನ್ಸ್‌ನಲ್ಲಿದ್ದೇನೆ. ಅತ್ತಿಗೆಗೆ ಶಾಕ್ ಹೊಡೆದ ಮೇಲೆ ಆ ಮೆಷಿನ್ನನ್ನೂ ಛತ್ರದ ವೈರಿಂಗನ್ನೂ ಬಿಚ್ಚಿ ನೋಡಿದವನು ನಾನೇ. ಅಲ್ಲಿ ಕಂಡದ್ದು ಆ ಒಂದು ಛತ್ರದಲ್ಲಿ ಮಾತ್ರ ಇರುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಆರತಕ್ಷತೆ ಮುಗಿದು ಊಟದ ಹಾಲ್ ತೊಳೆಯುತ್ತಿದ್ದರು. ಬೆಳಿಗ್ಗೆ ಮುಹೂರ್ತದವರಿಗೆ ತಿಂಡಿ ಹಾಕಬೇಕು, ಹಾಗಾಗಿ ರಾತ್ರಿಯೇ ನೆಲ ಒಣಗಬೇಕು. ಸೋಪಿನ ನೀರು ಹಾಕಿ ಉಜ್ಜಿ, ಆ ನೀರನ್ನು ವ್ಯಾಕ್ಯೂಮ್‌ನಿಂದ ಎಳೆಯುವುದು ಅಲ್ಲಿನ ಪದ್ಧತಿ. ಎರಡು ಮೋಟರ್‌ನ ಸ್ಟೀಲ್ ಡ್ರಮ್ ಮೆಷಿನ್. ಗೋಡೆಯ ಸಾಕೆಟ್ ದೂರ ಇದ್ದದ್ದರಿಂದ ಸ್ಟೇಜ್ ಕಡೆಯಿಂದ ಡೆಕೋರೇಷನ್‌ನವರು ಬಿಟ್ಟುಹೋಗಿದ್ದ ಜಂಕ್ಷನ್ ಬಾಕ್ಸ್ ಎಳೆದು ತಂದು ಕೊಟ್ಟರು. ಸೋಪಿನಲ್ಲಿ ಜಾರುತ್ತದೆ ಎಂದು ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಅತ್ತಿಗೆ ಡ್ರಮ್ಮಿನ ಹಿಡಿ ಹಿಡಿದು ಎಳೆಯುತ್ತಾ, ಇನ್ನೊಂದು ಕೈಯನ್ನು ಆಸರೆಗೆ ಕೈತೊಳೆಯುವ ಕಡೆಯ ನಲ್ಲಿಯ ಮೇಲೆ ಇಟ್ಟರು. ಅಷ್ಟೇ. ಎರಡೂ ಕೈ ಕಚ್ಚಿಕೊಂಡುಬಿಟ್ಟವು.

‘ಬಿಡ್ಸ್ಕೊಳ್ಳೋಣ ಅಂದ್ರೆ ಕೈ ನನ್ ಮಾತೇ ಕೇಳ್ಲಿಲ್ಲ ಕಣೋ, ಕೂಗೋಣ ಅಂದ್ರೆ ಗಂಟ್ಲು ಕಟ್ಟೋಯ್ತು’ ಎಂದರು ಆಸ್ಪತ್ರೆಯಲ್ಲಿ. ಜೊತೆಗಿದ್ದಾಕೆ ಓಡಿಬಂದು ಹಿಡಿದೆಳೆಯಲು ಹೋಗಿ ತಾನೂ ಹೊಡೆಸಿಕೊಂಡು ಬಿದ್ದಳು. ಅಡುಗೆಯವರ ಕಡೆಯ ಹುಡುಗನೊಬ್ಬ ಮಾತ್ರ ಯಾರನ್ನೂ ಮುಟ್ಟದೆ ನೇರವಾಗಿ ಗೋಡೆಯ ಕಡೆ ಓಡಿ ಪ್ಲಗ್ ಕಿತ್ತ. ಅವನ ಆ ಬುದ್ಧಿಯಿಂದ ಅತ್ತಿಗೆ ಇವತ್ತು ಬದುಕಿದ್ದಾರೆ. ಅಂಗೈ ಸುಟ್ಟಿತ್ತು, ಭುಜದ ಸ್ನಾಯು ಹಿಡಿದುಕೊಂಡಿತ್ತು, ಎದೆಬಡಿತ ಏರುಪೇರಾಗಿದೆಯೇ ಎಂದು ಇಸಿಜಿ ಹಾಕಿ ಡಾಕ್ಟರು ರಾತ್ರಿಯಿಡೀ ನೋಡಿಕೊಂಡರು.

ಮಾರನೆಯ ದಿನ ಛತ್ರದ ಮ್ಯಾನೇಜರ್ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಅದು ಮೊದ್ಲಿಂದ್ಲೂ ಸ್ವಲ್ಪ ಜುಮ್ ಅಂತಾನೇ ಇತ್ತು, ಯಾರಿಗೂ ಏನೂ ಆಗಿರ್ಲಿಲ್ಲ.’

ಏನೂ ಆಗದಿದ್ದದ್ದಕ್ಕೆ ಕಾರಣ ಒಣ ನೆಲ ಮತ್ತು ರಬ್ಬರ್ ಚಪ್ಪಲಿ. ಡ್ರಮ್ಮಿಗೆ ಕರೆಂಟ್ ಬಂದಿರುತ್ತದೆ, ಆದರೆ ನಿಮ್ಮ ಮೈ ಮೂಲಕ ನೆಲಕ್ಕೆ ಹರಿಯಲು ಸರಿಯಾದ ದಾರಿ ಸಿಕ್ಕಿರುವುದಿಲ್ಲ. 1 ಮಿಲಿ ಆಂಪಿಯರ್‌ನಷ್ಟು ಹರಿದರೆ ಜುಮ್ಮೆನ್ನುತ್ತದೆ. 10ರ ಆಸುಪಾಸಿಗೆ ಹೋದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. 30 ದಾಟಿದರೆ ಉಸಿರಿಗೂ ಹೃದಯಕ್ಕೂ ಅಪಾಯ. ಚಪ್ಪಲಿ ಬಿಟ್ಟು ಸೋಪಿನ ನೀರಿನಲ್ಲಿ ನಿಂತು, ಇನ್ನೊಂದು ಕೈಯಲ್ಲಿ ನಲ್ಲಿ ಹಿಡಿದಾಗ, ನಿನ್ನೆಯವರೆಗೆ ಜುಮ್ಮೆಂದು ಸುಮ್ಮನಾಗುತ್ತಿದ್ದ ಅದೇ ಮೆಷಿನ್ ಕೈ ಹಿಡಿದುಕೊಳ್ಳುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ಕರೆಂಟು ಎದೆಯನ್ನು ಹಾದೇ ಹೋಗಬೇಕು. ಹೊಸದಾಗಿ ಏನೂ ಕೆಡಬೇಕಾಗಿಲ್ಲ, ನೆಲ ಒದ್ದೆಯಾದರೆ ಸಾಕು. ಈ ಮೆಷಿನ್ ಇರುವುದೇ ಒದ್ದೆ ನೆಲಕ್ಕೆ.

ಡ್ರಮ್ಮಿಗೆ ಕರೆಂಟ್ ಬಂದದ್ದು ಹೇಗೆ ಎಂದು ನೋಡಿದೆ. ಇಂಥ ಮೆಷಿನ್‌ನಲ್ಲಿ ಮೋಟರ್ ಮೇಲಿನ ಮುಚ್ಚಳದ ಭಾಗದಲ್ಲಿರುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿದಾಗ ಒಳಗಿನ ಫ್ಲೋಟ್ ಮೇಲೆದ್ದು ಗಾಳಿಯ ದಾರಿ ಮುಚ್ಚುತ್ತದೆ, ನೀರು ಮೋಟರ್ ತನಕ ಹೋಗುವುದಿಲ್ಲ. ಆದರೆ ನೊರೆ ಫ್ಲೋಟನ್ನು ಎತ್ತುವುದಿಲ್ಲ. ಅದರ ಪಕ್ಕದಲ್ಲೇ ನುಸುಳಿ ಮೇಲೆ ಹೋಗುತ್ತದೆ. ಬಿಚ್ಚಿದಾಗ ಒಂದು ಮೋಟರ್‌ನೊಳಗೆ ಕಾರ್ಬನ್ ಬ್ರಷ್ ಸವೆದ ಕಪ್ಪು ಪುಡಿಯೂ ಸೋಪಿನ ಪಸೆಯೂ ಸೇರಿ ಅಂಟು ಮೆತ್ತಿಕೊಂಡಿತ್ತು. 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಾಕಿದರೆ, ಕನಿಷ್ಠ 1 ಮೆಗಾ ಓಮ್ ತೋರಿಸಬೇಕಾದಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು.

ಮೋಟರ್ ಕೆಡುವುದು ಸಹಜ. ಕೆಟ್ಟರೂ ಮನುಷ್ಯರಿಗೆ ತಾಗದಿರಲಿ ಎಂದೇ ಅರ್ಥಿಂಗ್ ಇರುವುದು. ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ. ಫೇಸ್ (ಕರೆಂಟ್ ಬರುವ ವೈರ್) ತಾಗುವ ಮೊದಲೇ ಅರ್ಥ್ ತಾಗಲಿ, ಕೀಳುವಾಗ ಅರ್ಥ್ ಕೊನೆಗೆ ಬಿಡಲಿ ಎಂದು ಹಾಗೆ ಮಾಡಿದ್ದಾರೆ. ಆ ಪಿನ್ನಿನಿಂದ ಹಸಿರು-ಹಳದಿ ವೈರ್ ಡ್ರಮ್ಮಿನ ತನಕ ಬಂದಿರುತ್ತದೆ. ಡ್ರಮ್ಮಿಗೆ ಕರೆಂಟ್ ಸೋರಿದರೆ ಆ ವೈರಿನ ಮೂಲಕವೇ ನೆಲಕ್ಕೆ ಹೋಗಬೇಕು, ಹೋಗುತ್ತಿದ್ದಂತೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿದುಬಿಡುವ ಸ್ವಿಚ್, ಬೀಳಬೇಕು. ಯಾರೂ ಮುಟ್ಟುವ ಮೊದಲೇ ಇದೆಲ್ಲ ಮುಗಿದಿರುತ್ತದೆ.

ಆ ಮೆಷಿನ್‌ನ ಕೇಬಲ್ಲಿನಲ್ಲಿ ಮೂರು ವೈರೂ ಸರಿಯಾಗಿದ್ದವು. ಪ್ಲಗ್ಗೂ ಸರಿಯಾಗಿತ್ತು. ಕೈಕೊಟ್ಟದ್ದು ಜಂಕ್ಷನ್ ಬಾಕ್ಸ್. ನೋಡಲು ಅದೂ ಮೂರು ತೂತಿನದೇ, ಅದರ ಪ್ಲಗ್ಗಿಗೂ ಮೂರು ಪಿನ್ನೇ. ಬಿಚ್ಚಿದರೆ ನಡುವಿನ ಉದ್ದದ ವೈರ್‌ನಲ್ಲಿ ಎರಡೇ ಎಳೆ! ಸೀರಿಯಲ್ ಸೆಟ್‌ಗೆ ಬಳಸುವಂಥ ತೆಳು ವೈರ್. ದಪ್ಪ ಪಿನ್ನಿಗೂ ದೊಡ್ಡ ತೂತಿಗೂ ಏನೂ ಕಟ್ಟಿರಲಿಲ್ಲ, ಅವು ಬರೀ ತೋರಿಕೆಗೆ. ಬಲ್ಬಿನ ಸರ ಹಾಕಲು ಮಾಡಿಕೊಂಡ ಬಾಕ್ಸಿಗೆ 2,000 ವಾಟ್ ದಾಟಿದ ಮೆಷಿನ್ ಹಾಕಿದ್ದರು. 230 ವೋಲ್ಟಿನಲ್ಲಿ ಅದು 9–10 ಆಂಪಿಯರ್ ಎಳೆಯುತ್ತದೆ. ಶಾಕ್ ಹೊಡೆಯದಿದ್ದರೆ ಇನ್ನೊಂದು ದಿನ ಆ ವೈರೇ ಹೊತ್ತಿಕೊಳ್ಳುತ್ತಿತ್ತು.

ಮೂರು ಪಿನ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಬೇಡಿ. ಡ್ರಮ್ಮಿನಿಂದ ನೆಲದ ತನಕ ದಾರಿ ಎಲ್ಲೂ ತುಂಡಾಗದೆ ಇರಬೇಕು, ಒಂದು ಕಡೆ ಕಡಿದರೂ ಇಡೀ ಅರ್ಥಿಂಗ್ ಇಲ್ಲದ್ದಕ್ಕೇ ಸಮ. ಸಾಕೆಟ್ಟಿಗೆ ಕೂರುವುದಿಲ್ಲವೆಂದು ದಪ್ಪ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ಎರಡು ಪಿನ್ ಅಡಾಪ್ಟರ್ ಹಾಕುವವರಿದ್ದಾರೆ. ಪ್ಲಗ್ಗೇ ಇಲ್ಲದೆ ವೈರ್ ಸುಲಿದು, ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸುವವರೂ ಇದ್ದಾರೆ. ಇವೆಲ್ಲ ಆ ದಾರಿಯನ್ನು ಕಡಿಯುವ ಕೆಲಸಗಳೇ.

ಛತ್ರದ ಗೋಡೆಯ ಸಾಕೆಟ್‌ಗಳನ್ನೂ ಬಿಚ್ಚಿದೆ. ಅಲ್ಲಿ ಕಂಡದ್ದು ನನ್ನನ್ನು ಇನ್ನೂ ಹೆದರಿಸಿತು. ಊಟದ ಹಾಲ್‌ನ ಸಾಕೆಟ್‌ಗಳಿಗೆ ಅರ್ಥ್ ವೈರೇ ಎಳೆದಿಲ್ಲ. ಅದರ ಬದಲು ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಒಂದು ತುಂಡು ವೈರ್ ತೆಗೆದು ಅರ್ಥ್ ಟರ್ಮಿನಲ್‌ಗೆ ಲೂಪ್ ಹಾಕಿದ್ದಾರೆ. ಹೀಗೆ ಮಾಡಿದರೆ ಟೆಸ್ಟ್ ಲ್ಯಾಂಪ್ ಫೇಸ್‌ಗೂ ಅರ್ಥ್‌ಗೂ ಇಟ್ಟಾಗ ಚೆನ್ನಾಗಿ ಉರಿಯುತ್ತದೆ, ನೋಡಿದವರು ‘ಅರ್ಥಿಂಗ್ ಸೂಪರ್’ ಎಂದು ಹೋಗುತ್ತಾರೆ. ಆದರೆ ಹಿಂದೆಲ್ಲೋ ಒಂದು ಕಡೆ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಹೋಯಿತೆನ್ನಿ. ಫೇಸ್ ಕರೆಂಟು ಮೋಟರ್ ಹಾದು ನ್ಯೂಟ್ರಲ್‌ಗೆ ಬಂದು, ಮುಂದೆ ದಾರಿಯಿಲ್ಲದೆ, ಆ ಲೂಪ್ ಮೂಲಕ ಅರ್ಥ್ ಪಿನ್ನಿಗೆ ಏರಿ ನೇರ ಡ್ರಮ್ಮಿಗೆ ಬರುತ್ತದೆ. ಮೆಷಿನ್ ಹೊಚ್ಚ ಹೊಸದಾಗಿರಲಿ, ಒಂದು ಹನಿ ನೀರು ಒಳಗೆ ಹೋಗಿರದಿರಲಿ, ಡ್ರಮ್ಮಿನ ಮೇಲೆ ಇಡೀ 230 ವೋಲ್ಟ್ ಕೂತಿರುತ್ತದೆ. ಈ ಲೂಪ್ ಹಾಕುವ ಎಲೆಕ್ಟ್ರಿಷಿಯನ್ ಬಂಧುಗಳಿಗೆ ಕೈಮುಗಿದು ಕೇಳುತ್ತೇನೆ, ಒಂದು ವೈರ್ ಉಳಿಸಲು ಹೀಗೆ ಮಾಡಬೇಡಿ. ಮೀಟರ್ ನೋಡಿ ಇದನ್ನು ಕಂಡುಹಿಡಿಯುವುದು ಕಷ್ಟ, ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿಯೇ ನೋಡಬೇಕು.

ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇತ್ತು. ಆದರೆ ಅದನ್ನು ಬಿಟ್ಟು ವೈರ್‌ಗಳನ್ನು ನೇರವಾಗಿ ಎಂಸಿಬಿಗೆ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಕೊಟ್ಟಿದ್ದರು. ಕೇಳಿದರೆ, ‘ವ್ಯಾಕ್ಯೂಮ್ ಹಾಕಿದಾಗಲೆಲ್ಲ ಟ್ರಿಪ್ ಆಗ್ತಿತ್ತು, ತೆಗೆಸಿಬಿಟ್ವಿ’ ಎಂದರು. ಅದು ಟ್ರಿಪ್ ಆಗುತ್ತಿದ್ದದ್ದು ಮೆಷಿನ್ ಸೋರುತ್ತಿದ್ದದ್ದಕ್ಕೆ. ಎಂಸಿಬಿ ಇದೆಯಲ್ಲ ಎಂದು ಧೈರ್ಯ ಹೇಳುವವರಿಗೆ ಒಂದು ಲೆಕ್ಕ: 16 ಆಂಪಿಯರ್‌ನ ಎಂಸಿಬಿ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನನ್ನು ಕೊಲ್ಲಲು ಅದರಲ್ಲಿ ನೂರನೇ ಒಂದು ಭಾಗವೂ ಬೇಕಾಗಿಲ್ಲ. ಮೈಗೆ ಕರೆಂಟ್ ಹಿಡಿದಿರುವಾಗ ಎಂಸಿಬಿ ಅಲ್ಲಾಡುವುದೂ ಇಲ್ಲ. ಅದು ವೈರ್ ಕಾಯಲು ಇರುವುದು. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಅದರಲ್ಲಿ ‘ಟಿ’ ಎಂಬ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ. ಹಾಗೆಂದು ಬಟನ್ ಒತ್ತಿದಾಗ ಬಿದ್ದ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಎಂದಾಗುವುದಿಲ್ಲ, ಅದನ್ನು ಬೇರೆಯಾಗಿಯೇ ನೋಡಬೇಕು. ಛತ್ರದ ಹಿಂದಿನ ಅರ್ಥ್ ಪಿಟ್ (ಅರ್ಥ್ ವೈರ್ ಕಟ್ಟಿದ ಪೈಪ್ ಹೂತಿರುವ ಗುಂಡಿ) ಪಾರ್ಕಿಂಗ್ ಟೈಲ್ಸ್ ಅಡಿಗೆ ಹೋಗಿತ್ತು. ಅಗೆಸಿದರೆ ಪೈಪಿನ ಕ್ಲ್ಯಾಂಪ್ ತುಕ್ಕು ಹಿಡಿದು ಕೈಗೆ ಬಂತು. ಬೇಸಿಗೆಯಲ್ಲಿ ಪಿಟ್‌ಗೆ ನೀರು ಹಾಕಬೇಕು ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಮಾಡುವವರು ತಾವೇ ಮಾಡಿಕೊಳ್ಳಬಹುದಾದದ್ದು ಕೆಲವಿದೆ. ಪ್ಲಗ್ ಕಿತ್ತಿಟ್ಟು, ಮಲ್ಟಿಮೀಟರ್‌ನ ಕಂಟಿನ್ಯುಟಿಯಲ್ಲಿ (ದಾರಿ ತುಂಡಾಗಿಲ್ಲದಿದ್ದರೆ ಬೀಪ್ ಕೊಡುವ ಸೆಟ್ಟಿಂಗ್) ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಇನ್ನೊಂದನ್ನು ಡ್ರಮ್ಮಿನ ಬಣ್ಣವಿಲ್ಲದ ಜಾಗಕ್ಕೂ ಇಡಿ. ಬೀಪ್ ಬರಬೇಕು. ಆಮೇಲೆ ಮೆಷಿನ್ನನ್ನು ಜಂಕ್ಷನ್ ಬಾಕ್ಸಿಗೆ ಸಿಕ್ಕಿಸಿ, ಬಾಕ್ಸಿನ ಪ್ಲಗ್ಗನ್ನು ಗೋಡೆಗೆ ಹಾಕದೆಯೇ, ಅದರ ದಪ್ಪ ಪಿನ್ನಿನಿಂದ ಡ್ರಮ್ಮಿಗೆ ಮತ್ತೆ ನೋಡಿ. ಅತ್ತಿಗೆಯ ಕಡೆ ಇದನ್ನೊಂದು ಮಾಡಿದ್ದರೂ ಸಾಕಿತ್ತು, ಬಾಕ್ಸ್ ಅಲ್ಲೇ ಸಿಕ್ಕಿಬೀಳುತ್ತಿತ್ತು. ಈ ಮೆಷಿನ್‌ಗೆಂದೇ ಮೂರು ಎಳೆಯ 2.5 ಚದರ ಮಿಲಿಮೀಟರ್ ಕೇಬಲ್‌ನಲ್ಲಿ 16 ಆಂಪಿಯರ್ ಬಾಕ್ಸ್ ಮಾಡಿಸಿ, ಬೇರೆಯವರಿಗೆ ಕೊಡಬೇಡಿ, ಬೇರೆಯವರದ್ದು ತರಬೇಡಿ. ಸಾಧ್ಯವಾದರೆ ಬಾಕ್ಸಿಗೇ ಒಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕೂರಿಸಿ. ಸುತ್ತಿದ ಕೇಬಲ್ ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಟ್ಟೇ ಓಡಿಸಿದರೆ ಒಳಗೆ ಕಾದು ಕರಗುತ್ತದೆ. ಬಾಕ್ಸ್ ಒಣ ಜಾಗದಲ್ಲಿರಲಿ. ನೊರೆ ಇದ್ದರೆ ಡಿಫೋಮರ್ ಹಾಕಿ ಕೂರಿಸಿದ ಮೇಲಷ್ಟೇ ಎಳೆಯಿರಿ. ಡ್ರಮ್ ಖಾಲಿ ಮಾಡುವಾಗ ಪ್ಲಗ್ ಕಿತ್ತಿರಬೇಕು. ಜಾರದ ರಬ್ಬರ್ ಬೂಟು ಕೊಡಿಸುವುದು ಮಾಲೀಕರ ಕೆಲಸ, ಕೇಳಿ ತೆಗೆದುಕೊಳ್ಳಿ.

ಮನೆಯ ಚಿಕ್ಕ ವ್ಯಾಕ್ಯೂಮ್‌ಗೆ ಎರಡೇ ಪಿನ್ ಇದೆಯಲ್ಲ ಎಂದು ಕೆಲವರು ಕೇಳಿದರು. ಅದರ ವೋಲ್ಟ್, ವಾಟ್ ಬರೆದಿರುವ ಪಟ್ಟಿಯ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್‌ನದ್ದು, ಅದಕ್ಕೆ ಅರ್ಥ್ ಬೇಡ. ಆ ಗುರುತಿಲ್ಲದೆ ಮೂರು ಪಿನ್ನಿನಲ್ಲಿ ಬಂದ ಮೆಷಿನ್‌ಗೆ ಅರ್ಥ್ ಬೇಕೇ ಬೇಕು. ಒಣ ಕಾರ್ಪೆಟ್ ಗುಡಿಸುವಾಗ ಪೈಪಿನಿಂದ ‘ಚಟ್’ ಎಂದು ಒಮ್ಮೆ ಹೊಡೆದು ಸುಮ್ಮನಾಗುವುದು ಸ್ಟ್ಯಾಟಿಕ್, ಬೇರೆ ವಿಷಯ. ಮುಟ್ಟಿದಷ್ಟು ಹೊತ್ತೂ ಜುಮ್ಮೆನ್ನುತ್ತಲೇ ಇದ್ದರೆ ಅದು ಸೋರಿಕೆ. ಯಾವುದೆಂದು ಅನುಮಾನ ಬಂದರೆ ಸೋರಿಕೆ ಎಂದೇ ತಿಳಿಯಿರಿ.

ಯಾರಿಗಾದರೂ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ, ಆ ಹುಡುಗ ಮಾಡಿದಂತೆ ಮಾಡಿ. ಪ್ಲಗ್ ಕೀಳಿ ಅಥವಾ ಮೇನ್ ಇಳಿಸಿ. ಅದು ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಳ್ಳಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಲೇ ಇರಿ. ಎದ್ದು ಕೂತು ‘ಏನಿಲ್ಲ’ ಎಂದರೂ ಇಸಿಜಿ ಮಾಡಿಸದೆ ಮನೆಗೆ ಕಳಿಸಬೇಡಿ.

ಛತ್ರದವರು ಆಸ್ಪತ್ರೆ ಖರ್ಚು ಕೊಡುತ್ತೇವೆ, ಹೊರಗೆ ಹೇಳಬೇಡಿ ಎಂದರು. ಅಣ್ಣ ಒಪ್ಪಲಿಲ್ಲ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ವಿದ್ಯುತ್ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, ಜೀವ ಹೋದಾಗ ಮಾತ್ರವಲ್ಲ, ಗಾಯವಾದಾಗಲೂ. ನಾವು ಲಿಖಿತವಾಗಿ ಕೊಟ್ಟಿದ್ದೇವೆ, ಜಂಕ್ಷನ್ ಬಾಕ್ಸಿನ ಮತ್ತು ಸಾಕೆಟ್ ಲೂಪಿನ ಫೋಟೋಗಳನ್ನೂ ಲಗತ್ತಿಸಿದ್ದೇವೆ. ಅತ್ತಿಗೆಯ ಜೊತೆ ಬಿದ್ದ ಆ ಹೆಂಗಸು ದಿನಗೂಲಿಯವಳು, ಅವಳ ಹೆಸರು ಛತ್ರದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಅರ್ಜಿಯಲ್ಲಿ ಅವಳ ಹೆಸರನ್ನೂ ಬರೆದಿದ್ದೇವೆ.