ಓದುಗರ ಪ್ರಶ್ನೆಗೆ ಲೈವ್ ಬರೋದಾ, ಟೈಪ್ ಮಾಡೋದಾ, ಚಿತ್ರ ಬರೆಯೋದಾ?

ಪ್ರತಿ ಮಂಗಳವಾರ ರಾತ್ರಿ ನನ್ನ ಕಾಮಿಕ್‌ನ ಹೊಸ ಕಂತು ಹಾಕುತ್ತೇನೆ. ಬುಧವಾರ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಫೋನಿನಲ್ಲಿ ಪ್ರಶ್ನೆಗಳು ಬಂದು ಕೂತಿರುತ್ತವೆ. ಕಥೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವ ಒಬ್ಬ ಅಜ್ಜಿಯದ್ದು. ಅಜ್ಜಿ ಮಂಡ್ಯ ಕಡೆಯ ಹಳ್ಳಿಯವಳು. ಜೊತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಪ್ರಶ್ನೆಗಳು ಎರಡು ತರ ಬರುತ್ತವೆ. ಯಾವ ಪೆನ್ನು, ಯಾವ ಆಪ್, ಪಾತ್ರಗಳ ಮಾತು ಬರೆಯುವ ಬಲೂನಿನೊಳಗೆ ಅಕ್ಷರ ಹೇಗೆ ಕೂರಿಸ್ತೀರಾ, ಇವೆಲ್ಲ ನನ್ನ ಕೈಗೆ ಕೇಳಿದ ಪ್ರಶ್ನೆಗಳು. ದೇವರನ್ನು ನಂಬ್ತೀರಾ, ಅಜ್ಜಿ ಯಾವ ಜಾತಿ ಅಂತ ಯಾಕೆ ಹೇಳಿಲ್ಲ, ಮೊಮ್ಮಗಳಿಗೆ ಮದುವೆ ಮಾಡ್ತೀರಾ ಇಲ್ವಾ, ಇವು ನನಗೇ ಕೇಳಿದ ಪ್ರಶ್ನೆಗಳು.

ಎರಡಕ್ಕೂ ಉತ್ತರ ಕೊಡಬೇಕು ಅನ್ನೋದು ನನ್ನ ನಂಬಿಕೆ. ದುಡ್ಡು ಕೊಡದೆ ಓದಬಹುದಾದ ಕಾಮಿಕ್ ಇದು, ಆದರೆ ಓದುವವರು ಸಮಯ ಕೊಡುತ್ತಾರೆ ಅಲ್ವಾ. ಹೇಗೆ ಉತ್ತರಿಸೋದು ಅಂತ ಮಾತ್ರ ಬೇಗ ಗೊತ್ತಾಗಲಿಲ್ಲ. ಒಂದು ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ನಿಮ್ಮಲ್ಲೂ ಯಾರಾದರೂ ಚಿತ್ರ ಬರೆದು ಹಾಕುವವರು ಇದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಲೈವ್. ಭಾನುವಾರ ರಾತ್ರಿ ಎಂಟಕ್ಕೆ. ಮೇಜಿನ ಎರಡು ಕಡೆ ದಪ್ಪ ಪುಸ್ತಕ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಅದರ ಅಂಚಿನಿಂದ ಫೋನಿನ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಇಟ್ಟುಕೊಂಡೆ. ನನ್ನ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಕೈಗೆ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಅಂತ ಮೊದಲ ದಿನವೇ ಅನ್ನಿಸಿತು.

ಬಲೂನಿನ ಅಕ್ಷರದ ವಿಷಯವನ್ನೇ ತಗೊಳ್ಳಿ. ಬರೆದು ವಿವರಿಸಿದರೆ ಒಂದು ಪುಟ ಬೇಕು, ತೋರಿಸಿದರೆ ಎರಡೇ ನಿಮಿಷ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಸಾಲಿನ ಮೇಲೆ ಏರುತ್ತದೆ. ಮೇಲಿನ ಸಾಲಿನಲ್ಲಿ 'ಮಾರ್ಕೆಟ್ಟಿಗೆ' ಅಂತ ಇದ್ದು, ಅದರ ಕೆಳಗೇ 'ಹಿತ್ತಲಿಂದ' ಅಂತ ಬಂದರೆ 'ಟ್ಟಿ'ಯ ಬಾಲ 'ಹಿ'ಯ ತಲೆಗೆ ಹೋಗಿ ಕುಟ್ಟುತ್ತದೆ. ಆಗ ಓದುವವರು ಅಲ್ಲಿ ಒಂದು ಕ್ಷಣ ಎಡವುತ್ತಾರೆ, ಮಾತಿನ ಓಟ ಹೋಗುತ್ತದೆ. ಅದಕ್ಕೇ ಸಾಲುಗಳ ನಡುವೆ ಹೆಚ್ಚುಕಡಿಮೆ ಒಂದು ಅಕ್ಷರದಷ್ಟು ಜಾಗ ಬಿಡುತ್ತೇನೆ. ನಮ್ಮ ಪದಗಳು ಉದ್ದ ಬೇರೆ. 'ಮಾರುಕಟ್ಟೆಯಲ್ಲಿರೋರಿಗೆ' ಅನ್ನೋದನ್ನು ನಡುವೆ ಮುರಿದರೆ ಚೆನ್ನಾಗಿರುವುದಿಲ್ಲ. ಹಾಗಾಗಿ ಬಲೂನು ಎತ್ತರಕ್ಕಿಂತ ಅಗಲ ಆಗಬೇಕು. ಮುಖ್ಯ ಏನೆಂದರೆ ಅಕ್ಷರ ಮೊದಲು, ಬಲೂನು ಆಮೇಲೆ. ಮೊದಲೇ ಗುಂಡಗೆ ಬಲೂನು ಬರೆದಿಟ್ಟುಕೊಂಡು ಮಾತನ್ನು ಅದರೊಳಗೆ ತುರುಕಲು ಹೋದರೆ ಕೆಟ್ಟಿತು. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಬರೆದು ತೋರಿಸಿದಾಗ, ನೋಡುತ್ತಿದ್ದ ಒಬ್ಬ ಹುಡುಗಿ ಅಲ್ಲೇ ತನ್ನ ಪುಟ ಸರಿ ಮಾಡಿಕೊಂಡು ಫೋಟೋ ಕಳಿಸಿದಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನೊಬ್ಬರು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಪ್ರಭಾವ ಇದೆಯಾ ಅಂತ ಕೇಳಿದರು. ಅವರು 1921ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದವರು. ಕಾಗೆ ಅಂದರೆ ಅವರಿಗೆ ಪ್ರಾಣ, ಜೀವನಪೂರ್ತಿ ಕಾಗೆ ಬರೆದರು. ನಾನು ಉತ್ತರವಾಗಿ ಕಾಂಪೌಂಡಿನ ಮೇಲೆ ಕೂತ ಒಂದು ಕಾಗೆ ಬರೆದೆ. ಕತ್ತು ಓರೆ ಮಾಡಿ ನೋಡುವ ಕಾಗೆ. ಕಪ್ಪು ಶಾಯಿಯನ್ನು ಪೂರ್ತಿ ತುಂಬದೆ ರೆಕ್ಕೆ ಮೇಲೆ ಒಂಚೂರು ಬಿಳಿ ಬಿಟ್ಟರೆ ಹೇಗೆ ಹೊಳಪು ಬರುತ್ತದೆ ಅನ್ನೋದನ್ನು ನಾನು ಕಲಿತದ್ದೇ ಅವರ ಕಾಗೆಗಳಿಂದ. ಅದು ಕೈಯಲ್ಲೇ ಹೇಳಬೇಕಾದ ಮಾತು.

ಆದರೆ ಅದೇ ಲೈವ್‌ನಲ್ಲಿ, ಮೂರನೇ ಭಾನುವಾರ, ಮದ್ದೂರಿನ ಒಬ್ಬ ಓದುಗ ಬರೆದ: 'ಅಕ್ಕಾ, ಅಜ್ಜಿ ಬಾಯಲ್ಲಿ ನಮ್ಮ ಮಂಡ್ಯ ಭಾಷೆ ಹಾಕಿರೋದು ನಗಿಸೋಕಾ?' ಕಾಮೆಂಟುಗಳು ಓಡುತ್ತಿದ್ದವು. ಮೂರು ಜನ ಪೆನ್ನಿನ ಬಗ್ಗೆ ಕೇಳುತ್ತಿದ್ದರು. ಕೈಯಲ್ಲಿ ಶಾಯಿ ಒಣಗುತ್ತಿತ್ತು. ನಾನು ಆತುರದಲ್ಲಿ, 'ಇಲ್ಲಪ್ಪ, ಸುಮ್ನೆ ಒಂದು ಸೊಗಡು ಇರಲಿ ಅಂತ' ಅಂದುಬಿಟ್ಟೆ. ಅವನು ಮತ್ತೇನೂ ಬರೆಯಲಿಲ್ಲ. ಲೈವ್ ಮುಗಿಸಿ ದೀಪ ಆರಿಸಿದ ಮೇಲೆ ಆ ಮಾತು ಚುಚ್ಚತೊಡಗಿತು. ಯಾಕಂದ್ರೆ ಅದು ನಿಜವಾದ ಉತ್ತರ ಆಗಿರಲಿಲ್ಲ. ಭಾಷೆ ಅಂದರೆ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪಲ್ಲ. ನನಗೆ ಅದು ಗೊತ್ತಿತ್ತು, ಹೇಳುವಷ್ಟು ಹೊತ್ತು ಸಿಗಲಿಲ್ಲ. ನನಗೇ ಕೇಳಿದ ಪ್ರಶ್ನೆಗೆ ಲೈವ್ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಟೈಪ್ ಮಾಡಿ ಉತ್ತರಿಸೋಕೆ ಶುರು ಮಾಡಿದೆ. ಆ ಮದ್ದೂರಿನವನ ಪ್ರಶ್ನೆಯೇ ಮೊದಲನೆಯದು. ಮೂರು ದಿನ ಹಿಡಿಯಿತು. ನನ್ನ ತಾಯಿಯ ಊರು ಪಾಂಡವಪುರದ ಹತ್ತಿರ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ 'ಆಲು ಕುಡ್ಕಂಡು ಬಂದೆ' ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅವತ್ತಿನಿಂದ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ. ಅಜ್ಜಿ ಮನೆಗೆ ಹೋದಾಗಲೂ 'ಹಾಲು' ಅಂತ ಒತ್ತಿ ಹೇಳುವಷ್ಟು ದೂರ ಬಂದುಬಿಟ್ಟಿದ್ದೆ. ನನ್ನ ಕಾಮಿಕ್‌ನ ಅಜ್ಜಿ ಹಾಗೆ ಮಾತಾಡುವುದು ನಾನು ಕಳೆದುಕೊಂಡ ಮಾತನ್ನು ವಾಪಸ್ ತರೋದಕ್ಕೆ. ಅದಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅಜ್ಜಿ ಹೇಳುವ ವಿಷಯಕ್ಕೆ ನಗು ಬರಬಹುದು, ಹೇಳುವ ಭಾಷೆಗೆ ಯಾವತ್ತೂ ನಗು ಬರಬಾರದು. ಇಷ್ಟನ್ನು ಬರೆಯೋಕೆ ಮೂರು ದಿನ, ನಾಲ್ಕು ಸಲ ಅಳಿಸಿ. ಲೈವ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಟೈಪ್ ಮಾಡುವುದರ ದೊಡ್ಡ ಲಾಭ ಇನ್ನೊಂದಿದೆ. ಉತ್ತರವನ್ನು ಆಮೇಲೆ ತಿದ್ದಬಹುದು, ತಿದ್ದಿದ್ದೇನೆ ಅಂತ ಹೇಳಲೂಬಹುದು. ಅಜ್ಜಿಯ ಜಾತಿ ಯಾಕೆ ಹೇಳಿಲ್ಲ ಅಂತ ಕೇಳಿದ್ದಕ್ಕೆ, ಹೇಳಿದ ಕೂಡಲೇ ಓದುಗರು ಅವಳನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅದಕ್ಕೆ ಹೇಳಿಲ್ಲ ಅಂತ ಬರೆದೆ. ಒಬ್ಬ ಓದುಗರು ಮರುದಿನ ಕೇಳಿದರು: ಮಾರುಕಟ್ಟೆಯಲ್ಲಿ ಯಾರ ಕೈಯಿಂದ ಯಾರು ಹೂವು ತಗೊಳ್ಳುತ್ತಾರೆ, ಯಾರ ಮನೆಯ ಒಳಗೆ ಅಜ್ಜಿ ಹೋಗಬಹುದು, ಇದೆಲ್ಲ ನಿಮ್ಮ ಕಥೆಯಲ್ಲಿ ಬರುವುದೇ ಇಲ್ಲವಲ್ಲ, ಹೇಳದೇ ಇರುವುದು ಮುಚ್ಚಿಟ್ಟ ಹಾಗಲ್ಲವಾ? ನನ್ನ ಹತ್ತಿರ ಅದಕ್ಕೆ ಎದುರುತ್ತರ ಇರಲಿಲ್ಲ. ಹಳೆಯ ಉತ್ತರವನ್ನು ಅಳಿಸದೆ ಅದರ ಕೆಳಗೆ ದಿನಾಂಕ ಹಾಕಿ, 'ನಾನು ತಪ್ಪು ಯೋಚಿಸಿದ್ದೆ' ಅಂತ ಸೇರಿಸಿದೆ. ಈಗ ಅಜ್ಜಿ ಯಾವ ಬಾಗಿಲ ಹತ್ತಿರ ನಿಂತು ಹೂವು ಕೊಡುತ್ತಾಳೆ ಅನ್ನೋದನ್ನು ಕಥೆಯಲ್ಲೇ ತೋರಿಸುತ್ತೇನೆ.

ತೊಂದರೆ ಇಲ್ಲ ಅಂತಲ್ಲ. ಯಾರೋ ಒಬ್ಬರು ಆ ಉತ್ತರದ ಎರಡೇ ಸಾಲು ಕತ್ತರಿಸಿ ಸ್ಕ್ರೀನ್‌ಶಾಟ್ ಮಾಡಿ ಹಂಚಿದರು. ಮೇಲಿನ ಸಾಲೂ ಇಲ್ಲ, ಕೆಳಗಿನ ತಿದ್ದುಪಡಿಯೂ ಇಲ್ಲ. ಒಂದು ವಾರ ಬೈಗುಳ ತಿಂದೆ. ಈಗ ಸೂಕ್ಷ್ಮವಾದ ಉತ್ತರ ಬರೆಯುವಾಗ ಒಂದೊಂದು ಸಾಲನ್ನೂ ಬೇರೆ ತೆಗೆದು ಓದಿ ನೋಡುತ್ತೇನೆ. ಅದೊಂದೇ ನಿಂತರೂ ಅರ್ಥ ಕೆಡಬಾರದು.

ಆಪ್ ಯಾವುದು, ಕಾಗದ ಯಾವುದು ಅನ್ನುವ ಪ್ರಶ್ನೆಗೆ ಟೈಪ್ ಮಾಡಿದ ಉತ್ತರ ಒಂದೇ ಸಾಕು, ಮೇಲೆ ಪಿನ್ ಮಾಡಿಟ್ಟಿದ್ದೇನೆ. ಕಾರ್ಟ್ರಿಡ್ಜ್ ಶೀಟ್, ಕಪ್ಪು ಶಾಯಿ, 600 ಡಿಪಿಐ ಸ್ಕ್ಯಾನ್, ಬಣ್ಣಕ್ಕೆ ಕೃತಾ (Krita) ಅನ್ನೋ ಆಪ್. ಕೃತಾ ಉಚಿತ, ಕಾಲೇಜು ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ಮೊದಮೊದಲು ಅಕ್ಷರಕ್ಕೆ 'ಬಾಲೂ ತಮ್ಮ' ಅನ್ನೋ ಫಾಂಟ್ ಬಳಸುತ್ತಿದ್ದೆ. ದಪ್ಪಗೆ, ಮುದ್ದಾಗಿದೆ, ಅದೂ ಉಚಿತ. ಅಜ್ಜಿಯ ದನಿಗೆ ಹೊಂದಲಿಲ್ಲ ಅಂತ ಕೈಬರಹಕ್ಕೆ ಬಂದೆ.

ಇನ್ನು ಚಿತ್ರದಲ್ಲಿ ಉತ್ತರ. ಎಲ್ಲರಿಗೂ ಇಷ್ಟವಾದದ್ದು ಇದೇ, ನನಗೂ ಬರೆಯುವಾಗ ತುಂಬಾ ಇಷ್ಟ. ನಾಲ್ಕು ಚೌಕ, ಅಗಲ 1080 ಪಿಕ್ಸೆಲ್, ಎತ್ತರ 1350. ಅಜ್ಜಿಯೇ ಉತ್ತರ ಕೊಡುತ್ತಾಳೆ.

ಕಥೆ ಎಲ್ಲಿಂದ ಹುಟ್ಟುತ್ತದೆ ಅಂತ ಕೇಳಿದ್ದಕ್ಕೆ ಬರೆದ ನಾಲ್ಕು ಚೌಕ ನನ್ನ ಮಟ್ಟಿಗೆ ವರ್ಷದ ಒಳ್ಳೆಯ ಕೆಲಸ. ಮಾರುಕಟ್ಟೆಯಲ್ಲಿ ಹೂವಿನವರು ಮಲ್ಲಿಗೆ ಅಳೆಯುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮೊಳಕೈಗೆ ಒಂದು ತುದಿ ಹಿಡಿದು, ಬೆರಳ ತುದಿಯವರೆಗೆ ದಂಡೆ ಎಳೆಯುತ್ತಾರೆ. ಅದು ಒಂದು ಮೊಳ. ಬೆರಳ ತುದಿಗೆ ಬಂದ ಮೇಲೂ ಕತ್ತರಿಸುವ ಮೊದಲು ಕೈ ಒಂದು ಗೇಣಿನಷ್ಟು ಮುಂದೆ ಹೋಗುತ್ತದೆ, ಎದುರಿಗೆ ಚಿಕ್ಕ ಹುಡುಗಿ ನಿಂತಿದ್ದರೆ ಮಾತ್ರ. ನಾನು ನೋಡಿದ ಒಬ್ಬ ಅಜ್ಜಿ ಹಾಗೆ ಮಾಡುತ್ತಿದ್ದರು. ಮೊದಲ ಚೌಕದಲ್ಲಿ ಮೊಳಕೈ, ಎರಡನೆಯದರಲ್ಲಿ ಬೆರಳು, ಮೂರನೆಯದರಲ್ಲಿ ಬೆರಳು ದಾಟಿದ ಹೂವು, ನಾಲ್ಕನೆಯದರಲ್ಲಿ ಹುಡುಗಿಯ ಜಡೆ. ಮಾತೇ ಇಲ್ಲ. ಕಥೆ ಎಲ್ಲಿಂದ ಹುಟ್ಟುತ್ತದೆ ಅನ್ನುವುದಕ್ಕೆ ಟೈಪ್ ಮಾಡಿ ಇಷ್ಟು ಚೆನ್ನಾಗಿ ಉತ್ತರ ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಅದೇ ಧೈರ್ಯದಲ್ಲಿ ದೇವರ ಪ್ರಶ್ನೆಗೂ ಚಿತ್ರ ಬರೆದೆ. ಅಜ್ಜಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾಳೆ, ಮೊಮ್ಮಗಳು ನೀರಿನ ಬಾಟಲಿ ಹಿಡಿದು ಹಿಂದೆ ಬರುತ್ತಾಳೆ. ಓದಿದವರಲ್ಲಿ ಅರ್ಧ ಜನ ನಾನು ದೊಡ್ಡ ಭಕ್ತೆ ಅಂದುಕೊಂಡರು, ಇನ್ನರ್ಧ ಜನ ಭಕ್ತಿಯನ್ನು ಆಡಿಕೊಂಡಿದ್ದೇನೆ ಅಂದುಕೊಂಡರು. ನಾನು ಬೆಟ್ಟ ಹತ್ತುತ್ತೇನೆ, ಪೂಜೆ ಮಾಡುವುದಿಲ್ಲ, ಮಾಡುವವರ ಬೆನ್ನು ನೋಡುತ್ತಾ ಹತ್ತೋದು ನನಗೆ ಇಷ್ಟ. ಇದು ಮೂರು ಸಾಲಿನ ಉತ್ತರ. ಅದನ್ನು ಅಜ್ಜಿಯ ಬಾಯಲ್ಲಿ ಹಾಕಿದರೆ ಅಜ್ಜಿಯ ಅಭಿಪ್ರಾಯ ಆಗುತ್ತದೆ, ನನ್ನದಾಗುವುದಿಲ್ಲ. ನನ್ನನ್ನು ಕೇಳಿದಾಗ ಅಜ್ಜಿಯ ಹಿಂದೆ ನಿಲ್ಲೋದು ಸರಿಯಲ್ಲ ಅನ್ನಿಸಿತು.

ಚಿತ್ರಕ್ಕೆ ಇನ್ನೂ ಎರಡು ಲೆಕ್ಕ ಇದೆ. ಒಂದು ಸಮಯ. ನಾಲ್ಕು ಚೌಕಕ್ಕೆ ಆರು ಗಂಟೆ ಬೇಕು. ಟೈಪ್ ಮಾಡಿದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಪ್ರಶ್ನೆಗೆ ಉತ್ತರ ಬರೆಯುತ್ತಾ ಕೂತು ಎರಡು ಮಂಗಳವಾರ ಕಂತೇ ಹಾಕಲಿಲ್ಲ. ಇನ್ನೊಂದು ನನ್ನ ತಲೆಗೇ ಬಂದಿರದ ವಿಷಯ. ಒಬ್ಬ ಓದುಗರು ಬರೆದರು: 'ನಮ್ಮ ತಂದೆಗೆ ಕಣ್ಣು ಕಾಣಲ್ಲ. ಫೋನಿನ ಟಾಕ್‌ಬ್ಯಾಕ್ ನಿಮ್ಮ ಹಳೆ ಉತ್ತರಗಳನ್ನ ಓದ್ತಿತ್ತು, ಕೇಳಿಸ್ಕೊಳ್ತಿದ್ರು. ಈಗ ಬರೀ ಚಿತ್ರ ಅಂತ ಹೇಳಿ ಸುಮ್ನಾಗತ್ತೆ.' ನನ್ನ ಕೈಬರಹದ ಅಕ್ಷರ ಆ ಫೋನಿಗೆ ಬರೀ ಗೆರೆ. ಅವತ್ತಿನಿಂದ ಪ್ರತಿ ಚಿತ್ರಕ್ಕೂ, ಕಂತಿಗೂ ಸೇರಿಸಿ, ಚೌಕದಲ್ಲಿ ಏನಿದೆ, ಯಾರು ಏನಂದರು ಅಂತ ವಿವರಣೆ ಟೈಪ್ ಮಾಡಿ ಹಾಕುತ್ತೇನೆ. ಅದನ್ನು ಬರೆಯುವಾಗ ಯಾವ ಚೌಕ ದಂಡ ಅಂತಲೂ ಗೊತ್ತಾಗುತ್ತದೆ. ವಿವರಿಸೋಕೆ ಏನೂ ಸಿಗದ ಚೌಕವನ್ನು ತೆಗೆದುಹಾಕುತ್ತೇನೆ.

ಈಗ ನನ್ನ ರೂಢಿ ಹೀಗಿದೆ. ತಿಂಗಳಿಗೊಂದು ಲೈವ್, ಕೈಗೆ ಕೇಳಿದ ಪ್ರಶ್ನೆಗೆ ಮಾತ್ರ. ನನಗೇ ಕೇಳಿದ ಪ್ರಶ್ನೆಗೆ ಟೈಪ್ ಮಾಡಿದ ಉತ್ತರ, ಒಂದು ರಾತ್ರಿ ಕಳೆದ ಮೇಲೆ. ಚಿತ್ರದಲ್ಲಿ ಉತ್ತರ ವರ್ಷಕ್ಕೆ ಮೂರೋ ನಾಲ್ಕೋ ಸಲ, ಮಾತಿಗೆ ಸಿಗದ ಪ್ರಶ್ನೆ ಬಂದಾಗ. ಒಂದನ್ನೇ ಆರಿಸಿಕೋ ಅಂದರೆ ಟೈಪ್ ಮಾಡೋದನ್ನೇ ಆರಿಸಿಕೊಳ್ಳುತ್ತೇನೆ.

ಇನ್ನೊಂದು ದಾರಿಯನ್ನು ಒಂದೇ ಒಂದು ಸಲ ನೋಡಿದೆ, ಅದನ್ನು ಮಿಕ್ಕವುಗಳ ಜೊತೆ ತೂಗೋಕೆ ಬರುವುದಿಲ್ಲ. ಹೋದ ಡಿಸೆಂಬರಿನಲ್ಲಿ ಕುಕ್ಕರಹಳ್ಳಿ ಕೆರೆ ಹತ್ತಿರ ಬೆಳಿಗ್ಗೆ ಏಳಕ್ಕೆ ಬರ್ತೀನಿ, ಬರುವವರು ಬನ್ನಿ ಅಂತ ಹಾಕಿದ್ದೆ. ಹನ್ನೊಂದು ಜನ ಬಂದರು. ಮದ್ದೂರಿನ ಆ ಹುಡುಗನೂ ರೈಲು ಹತ್ತಿ ಬಂದಿದ್ದ. ನನ್ನ ಉದ್ದದ ಉತ್ತರ ಓದಿದ್ದನಂತೆ, ಅದರ ಬಗ್ಗೆ ಏನೂ ಹೇಳಲಿಲ್ಲ. ಫೋನ್ ತೆಗೆದು, 'ಅಕ್ಕಾ, ವಸಿ ಇದ್ನ ಕೇಳಿ' ಅಂತ ತನ್ನ ಅಜ್ಜಿಯ ದನಿ ಕೇಳಿಸಿದ. ಹಿಂದೆ ಎಲ್ಲೋ ಹಸು ಕೂಗುತ್ತಿತ್ತು. 'ವಸಿ ತಡ್ಕ ಮಗಾ, ಬತ್ತೀನಿ' ಅಂತಿದ್ದರು ಅವರು. 'ನಿಮ್ಮಜ್ಜಿ ಎಲ್ಲಾ ಸರಿ ಮಾತಾಡ್ತಾಳೆ ಅಕ್ಕಾ, ಆದ್ರೆ ಸ್ವಲ್ಪ ಅಂತಾಳೆ. ಸ್ವಲ್ಪ ಅನ್ನಲ್ಲ, ವಸಿ ಅಂತಾರೆ' ಅಂದ.

ಮನೆಗೆ ಬಂದು ಆ ವಾರದ ಕಂತಿನ ಪುಟ ತೆಗೆದೆ. ಮೂರನೇ ಚೌಕದಲ್ಲಿ ಅಜ್ಜಿ 'ಸ್ವಲ್ಪ ತಡ್ಕೊ' ಅಂತಿದ್ದಳು. ಬೇರೆ ತುಂಡು ಕಾಗದದಲ್ಲಿ 'ವಸಿ ತಡ್ಕ' ಅಂತ ಬರೆದು ಮೇಲೆ ಅಂಟಿಸಿದೆ. 'ಸ್ವಲ್ಪ'ದಲ್ಲಿ ಎರಡು ಒತ್ತಕ್ಷರ ಇದ್ದವು, 'ವಸಿ'ಯಲ್ಲಿ ಒಂದೂ ಇಲ್ಲ. ಸಾಲುಗಳು ಹತ್ತಿರ ಬಂದವು. ಬಲೂನು ಒಂದು ಬೆರಳಿನಷ್ಟು ಚಿಕ್ಕದಾಯಿತು, ಅದರ ಹಿಂದೆ ಮುಚ್ಚಿಹೋಗಿದ್ದ ಮಲ್ಲಿಗೆ ಬುಟ್ಟಿಯ ಅಂಚು ಕಾಣಿಸಿತು. ಅದಕ್ಕೆ ನಾಲ್ಕು ಹೂವು ಸೇರಿಸಿ ಸ್ಕ್ಯಾನ್ ಮಾಡಿದೆ.